ಎಳೆ ಪ್ಲೇಟ್‌ಲೆಟ್‌ಗಳ ಪ್ರಮಾಣ ಮತ್ತು ತಾಯಿ ಕಾರ್ಡಿನ ಬಿಪಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಸ್ಥಿತಿ ಬಿಗಡಾಯಿಸಿದರೆ ಸಾಮಾನ್ಯವಾಗಿ ಬೆಳಗಾವಿಯ ದಾರಿ ಹಿಡಿಯಬೇಕು. ಗೋಕಾಕದಿಂದ ಅದು ಸುಮಾರು 70 ಕಿ.ಮೀ. ಅಂಥ ಕೂಸಿನ ರಕ್ತದ ವರದಿಯಲ್ಲಿ ಪ್ಲೇಟ್‌ಲೆಟ್ 60,000 ಎಂದು ಬಂತೆನ್ನಿ. 1.5 ಲಕ್ಷಕ್ಕಿಂತ ಕೆಳಗಿದ್ದರೆ ಅದು ಕೊರತೆಯೇ. ಆದರೆ ಮೂಳೆಮಜ್ಜೆ ಸಾಕಷ್ಟು ತಯಾರಿಸುತ್ತಿಲ್ಲವೋ, ತಯಾರಾದದ್ದು ಸೋಂಕಿನಿಂದಲೋ ತಾಯಿಯ ಪ್ರತಿಕಾಯಗಳಿಂದಲೋ ನಾಶವಾಗುತ್ತಿದೆಯೋ? ಬರೀ ಸಂಖ್ಯೆ ಅದನ್ನು ಹೇಳುವುದಿಲ್ಲ.

ಮಜ್ಜೆಯಿಂದ ಆಗಷ್ಟೇ ಹೊರಬಿದ್ದ ಎಳೆ ಪ್ಲೇಟ್‌ಲೆಟ್‌ನಲ್ಲಿ ಆರ್‌ಎನ್‌ಎ ಇನ್ನೂ ಉಳಿದಿರುತ್ತದೆ. ಇಂಗ್ರಾಂ ಮತ್ತು ಕೂಪರ್‌ಸ್ಮಿತ್ 1969ರಲ್ಲಿ ರಕ್ತ ಕಳೆದುಕೊಂಡ ನಾಯಿಗಳಲ್ಲಿ ಇವನ್ನು ಗುರುತಿಸಿದರು. ಈಗ ಸಿಸ್ಮೆಕ್ಸ್‌ನಂಥ ಯಂತ್ರಗಳು ಆರ್‌ಎನ್‌ಎಗೆ ಅಂಟುವ ಹೊಳೆಯುವ ಬಣ್ಣ ಬೆರೆಸಿ, ಎಳೆಯವು ಶೇಕಡಾ ಎಷ್ಟೆಂದು ಲೆಕ್ಕ ಕೊಡುತ್ತವೆ. ಪ್ರಮಾಣ ಏರಿದ್ದರೆ ನಾಶದ ಅನುಮಾನ, ಇಳಿದಿದ್ದರೆ ಉತ್ಪಾದನೆಯ ಸೋಲು. ಇದಕ್ಕೆ ಬೇರೆ ರಕ್ತ ತೆಗೆಯಬೇಕಿಲ್ಲ. ಒಂದು ಕಿಲೋ ತೂಕದ ಶಿಶುವಿನ ಮೈಯಲ್ಲಿ ಇರುವುದೇ ಸುಮಾರು 90 ಮಿ.ಲೀ. ರಕ್ತ, ಹಾಗಾಗಿ ಇದು ದೊಡ್ಡ ಅನುಕೂಲ.

ಎಡವಟ್ಟಾಗುವುದು ಹೆಚ್ಚಾಗಿ ಮಾದರಿ ತೆಗೆಯುವಾಗ. ಹಿಮ್ಮಡಿ ಚುಚ್ಚಿ, ಹಿಂಡಿ ಹಿಂಡಿ ತೆಗೆದ ರಕ್ತ ನೇರಳೆ ಮುಚ್ಚಳದ ಟ್ಯೂಬು ಸೇರುವಷ್ಟರಲ್ಲಿ ಹೆಪ್ಪುಗಟ್ಟತೊಡಗಿದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಯಂತ್ರ ಆ ಗುಂಪುಗಳನ್ನು ಎಣಿಸದೆ ಸುಳ್ಳು ಕೊರತೆ ತೋರಿಸುತ್ತದೆ. ಸ್ಲೈಡಿನ ಮೇಲೆ ಹನಿ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಪುಗಳು ಸಿಕ್ಕಿಬೀಳುತ್ತವೆ.

ಹುಟ್ಟಿದ 72 ಗಂಟೆಯೊಳಗೆ ಕಾಣುವ ಕೊರತೆಯ ಮುಖ್ಯ ಕಾರಣಗಳಲ್ಲೊಂದು ಮಾಸಿನ ದೌರ್ಬಲ್ಯ. ಅದರ ಹಿಂದೆ ಅನೇಕ ವೇಳೆ ಇರುವುದು ತಾಯಿಯ ರಕ್ತದೊತ್ತಡ. ಉತ್ಪಾದನೆ ಕುಗ್ಗಿ ಉಂಟಾಗುವ ಈ ಕೊರತೆ ಸಾಮಾನ್ಯವಾಗಿ ಹತ್ತು ದಿನದೊಳಗೆ ತಾನಾಗಿ ಸರಿಹೋಗುತ್ತದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ನಡೆದ ‘ಕ್ಲಿಪ್’ ಎಂಬ ಅಧ್ಯಯನದಲ್ಲಿ ಆಶಾ ಕಾರ್ಯಕರ್ತೆಯರು ಗರ್ಭಿಣಿಯರ ಮನೆಗೇ ಹೋಗಿ ಬಿಪಿ ನೋಡಿದ್ದರು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಸೇರಿದಂತೆ ಆರು ದೇಶಗಳ ಕೇಂದ್ರಗಳಲ್ಲಿ 11,976 ಗರ್ಭಿಣಿಯರ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗರ್ಭಿಣಿಯರಲ್ಲಿ ಬಿಪಿಯ ತೊಂದರೆ ತಡೆಯಲು ಕೊಡುವ ಕಡಿಮೆ ಪ್ರಮಾಣದ ಆಸ್ಪಿರಿನ್ ಅವಧಿಪೂರ್ವ ಹೆರಿಗೆಯನ್ನು ಶೇ. 13.1ರಿಂದ 11.6ಕ್ಕೆ ಇಳಿಸಿತು.

ಕಾರಣ ತಿಳಿಯದೆ ದಾನಿಗಳ ಪ್ಲೇಟ್‌ಲೆಟ್ ಏರಿಸುವುದು ನಿರಪಾಯವಲ್ಲ. 660 ಅವಧಿಪೂರ್ವ ಶಿಶುಗಳ ಯುರೋಪಿನ ಪ್ರಯೋಗದಲ್ಲಿ (2019), ಎಣಿಕೆ 50,000ಕ್ಕಿಂತ ಇಳಿದಾಗಲೇ ಏರಿಸಿದ ಗುಂಪಿನಲ್ಲಿ ಸಾವು ಅಥವಾ ತೀವ್ರ ರಕ್ತಸ್ರಾವ ಶೇ. 26, 25,000ದವರೆಗೆ ಕಾದವರಲ್ಲಿ ಶೇ. 19. ಎಳೆಯವುಗಳ ಪ್ರಮಾಣ ಏರುತ್ತಿದೆ, ರಕ್ತಸ್ರಾವವಿಲ್ಲ ಎಂದಾದರೆ ಕಾಯಲು ವೈದ್ಯರಿಗೆ ಇನ್ನೊಂದು ಆಧಾರ ಸಿಗುತ್ತದೆ. ಆದರೆ ಗರ್ಭದ ವಾರ, ಯಂತ್ರ ಬದಲಾದಂತೆ ಸಹಜ ಮಿತಿಯೂ ಬದಲಾಗುವುದರಿಂದ, ಪ್ರತಿ ಪ್ರಯೋಗಾಲಯವೂ ತನ್ನ ಯಂತ್ರಕ್ಕೆ ತಕ್ಕ ಮಿತಿಯನ್ನು ಗುರುತಿಸಿಕೊಳ್ಳಬೇಕು. ಅಲ್ಲಿಯವರೆಗೂ, ತಾಲ್ಲೂಕಿನಿಂದ ಹೊರಡುವ ರೆಫರಲ್ ಚೀಟಿಯಲ್ಲಿ ಗರ್ಭಿಣಿಯ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡಿನಲ್ಲಿರುವ ಅತಿ ಹೆಚ್ಚಿನ ಬಿಪಿಯನ್ನೂ ಕೂಸಿನ ರಕ್ತ ತೆಗೆದ ಹೊತ್ತನ್ನೂ ಇಂದಿನಿಂದಲೇ ಬರೆದು ಕಳಿಸಬಹುದು.