ಮಾರ್ಕ್ಸ್ ಇಲ್ಲದ ಪರೀಕ್ಷೆ

(1/4)
ಮಂಗಳೂರಿನ ಲೈಟ್‌ಹೌಸ್ ಹಿಲ್ ಹತ್ತಿದವರಿಗೆ ಸೇಂಟ್ ಅಲೋಶಿಯಸ್ ಚಾಪೆಲ್ ಗೊತ್ತೇ ಇರುತ್ತೆ. ಒಳಗೆ ಕಾಲಿಟ್ಟ ತಕ್ಷಣ ಎಲ್ಲರೂ ತಲೆಯೆತ್ತಿ ಛಾವಣಿ ನೋಡ್ತಾರೆ. ಆ ಚಿತ್ರಗಳನ್ನ ಬಿಡಿಸಿದ್ದು ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಅನ್ನೋ ಯೇಸುಸಭೆಯ ಬ್ರದರ್. 1899ರಲ್ಲಿ ಶುರು ಮಾಡಿ 1901ರ ಹೊತ್ತಿಗೆ ಮುಗಿಸಿದ್ರು. ನೋಡಿ ಹೊರಗೆ ಬರ್ತೀವಿ. ಆದ್ರೆ ಮೇಲೆ ಯಾರ ಕಥೆ ಇದೆ ಅಂತ ಎಷ್ಟು ಜನ ಕೇಳಿದ್ದೀವಿ?

ಅದು ಅಲೋಶಿಯಸ್ ಗೊನ್ಜಾಗನ ಕಥೆ. 1568ರಲ್ಲಿ ಉತ್ತರ ಇಟಲಿಯ ಕಾಸ್ತಿಲಿಯೋನೆ ಅನ್ನೋ ಊರಿನಲ್ಲಿ, ಆಳುವ ಮನೆತನದಲ್ಲಿ ಹುಟ್ಟಿದ ಹಿರಿಯ ಮಗ. ಅಪ್ಪನ ಪಟ್ಟ ಅವನಿಗೇ ಬರಬೇಕಿತ್ತು. 1585ರಲ್ಲಿ ಅದನ್ನ ತಮ್ಮನಿಗೆ ಬಿಟ್ಟುಕೊಟ್ಟು ರೋಮ್‌ಗೆ ಹೋಗಿ ಯೇಸುಸಭೆ ಸೇರಿದ. 1591ರಲ್ಲಿ ರೋಮ್‌ನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ರೋಗಿಗಳ ಸೇವೆಗೆ ನಿಂತ. ಅದೇ ಕಾಯಿಲೆ ಅವನಿಗೂ ತಗುಲಿ ಜೂನ್ 21ರಂದು ತೀರಿಕೊಂಡ. ವಯಸ್ಸು 23. ಇನ್ನೂ ಓದ್ತಾ ಇದ್ದ ಹುಡುಗ.

1729ರಲ್ಲಿ ಪೋಪ್ ಈ ಹುಡುಗನನ್ನ ಓದುವ ಯುವಕರ ಪಾಲಕ ಸಂತ ಅಂತ ಸಾರಿದ್ರು. ನಮ್ಮ ಕಾಲದಲ್ಲಾದ್ರೆ ವಿದ್ಯಾರ್ಥಿಗಳ ಮಾದರಿ ಅಂದ ಕೂಡಲೇ ರ‍್ಯಾಂಕ್ ಬಂದವರ ಫ್ಲೆಕ್ಸ್ ನೆನಪಾಗುತ್ತೆ. ಇವನ ಯಾವ ರ‍್ಯಾಂಕೂ ಆ ಛಾವಣಿ ಮೇಲಿಲ್ಲ.

(2/4)
ಈ ಶಾಲೆಗಳು ಶುರುವಾಗಿದ್ದು ಹೇಗೆ? ಯೇಸುಸಭೆ ಕಟ್ಟಿದ ಇಗ್ನೇಷಿಯಸ್ ಲೊಯೊಲ ಮೊದಲು ಸೈನಿಕ. 1521ರಲ್ಲಿ ಸ್ಪೇನ್‌ನ ಪಾಂಪ್ಲೋನದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರೀತು. ಹಾಸಿಗೆ ಹಿಡಿದ ಆ ತಿಂಗಳುಗಳಲ್ಲೇ ಅವರು ತಮ್ಮ ಮನಸ್ಸಿನೊಳಗೆ ಏನು ನಡೀತಿದೆ ಅಂತ ಗಮನಿಸೋಕೆ ಶುರು ಮಾಡಿದ್ದು. ಆ ಅಭ್ಯಾಸಗಳನ್ನ ಬರೆದಿಟ್ಟ ಅವರ ಪುಸ್ತಕಕ್ಕೆ 1548ರಲ್ಲಿ ಪೋಪ್ ಒಪ್ಪಿಗೆ ಸಿಕ್ತು. ಅದೇ 1548ರಲ್ಲಿ ಸಿಸಿಲಿಯ ಮೆಸ್ಸೀನದಲ್ಲಿ, ಪಾದ್ರಿಗಳಾಗದ ಸಾಮಾನ್ಯ ಹುಡುಗರಿಗೂ ಅಂತ ಅವರ ಶಾಲೆ ತೆರೀತು.

1599ರಲ್ಲಿ ಎಲ್ಲ ಶಾಲೆಗಳಿಗೂ ಒಂದೇ ನಿಯಮಾವಳಿ ಬಂತು. ಲ್ಯಾಟಿನ್ ವ್ಯಾಕರಣ ಹೇಗೆ ಕಲಿಸಬೇಕು ಅನ್ನೋದರ ಜೊತೆಗೆ, ಹುಡುಗರು ಸಂಜೆ ಆತ್ಮಶೋಧನೆ ಮಾಡುವಂತೆ ಮೇಷ್ಟ್ರು ಹೇಳಬೇಕು ಅಂತಲೂ ಅದರಲ್ಲಿ ಇತ್ತು. ಇದರಲ್ಲಿ ಐದು ಹೆಜ್ಜೆ. ದಿನಕ್ಕಾಗಿ ಥ್ಯಾಂಕ್ಸ್ ಹೇಳೋದು. ನಿಜ ಕಾಣುವ ಬೆಳಕು ಕೇಳೋದು. ಬೆಳಗ್ಗೆಯಿಂದ ನಡೆದದ್ದನ್ನ ಗಂಟೆ ಗಂಟೆಯಾಗಿ ನೆನೆಯೋದು. ತಪ್ಪಿದ್ದಕ್ಕೆ ಕ್ಷಮೆ ಕೇಳೋದು. ನಾಳೆ ಏನು ತಿದ್ದಿಕೊಳ್ತೀನಿ ಅಂತ ನಿರ್ಧಾರ ಮಾಡೋದು. ಪ್ರಶ್ನೆಪತ್ರಿಕೆಯೂ ನೀನೇ, ಉತ್ತರವೂ ನೀನೇ, ಕಾಪಿ ಹೊಡೆಯೋಕೆ ಪಕ್ಕದಲ್ಲಿ ಯಾರೂ ಇಲ್ಲ!

(3/4)
ಈಗ ಕಥೆಯ ಮುಖ್ಯ ಭಾಗ. ಒಂದು ದಿನ ಶಾಲೆಗಳೇ ಈ ಪರೀಕ್ಷೆಗೆ ಕೂರಬೇಕಾಗಿ ಬಂತು.

ಜುಲೈ 31, 1973, ಸ್ಪೇನ್‌ನ ವಲೆನ್ಸಿಯ. ಅವತ್ತು ಇಗ್ನೇಷಿಯಸ್ ಹಬ್ಬ. ಯೂರೋಪಿನ ಯೇಸುಸಭೆ ಶಾಲೆಗಳ ಹಳೆ ವಿದ್ಯಾರ್ಥಿಗಳ ಸಮ್ಮೇಳನ. ಭಾಷಣ ಮಾಡೋಕೆ ನಿಂತವರು ಇಡೀ ಯೇಸುಸಭೆಯ ಮುಖ್ಯಸ್ಥ ಪೆದ್ರೊ ಅರೂಪೆ. ಇವರು ಪಾದ್ರಿಯಾಗುವ ಮೊದಲು ಮೆಡಿಕಲ್ ಓದ್ತಿದ್ದವರು. ಆಗಸ್ಟ್ 6, 1945ರಂದು ಹಿರೋಶಿಮಾ ಅಂಚಿನಲ್ಲೇ ಇದ್ದರು. ಬಾಂಬ್ ಬಿದ್ದ ಮೇಲೆ ತಮ್ಮ ತರಬೇತಿ ಮನೆಯನ್ನೇ ಆಸ್ಪತ್ರೆ ಮಾಡಿ ಸುಮಾರು 150 ಗಾಯಾಳುಗಳನ್ನ ನೋಡಿಕೊಂಡವರು.

ಹಳೆ ವಿದ್ಯಾರ್ಥಿಗಳ ಸಭೆ ಅಂದ್ರೆ ಗೊತ್ತಲ್ಲ, ನಮ್ಮ ಶಾಲೆ ಹಾಗೆ, ನಮ್ಮ ಶಾಲೆ ಹೀಗೆ ಅಂತ ಹೊಗಳಿಕೆ. ಅರೂಪೆ ಬೇರೆ ಪ್ರಶ್ನೆ ಎತ್ತಿದ್ರು: ನ್ಯಾಯಕ್ಕಾಗಿ ಬದುಕೋದನ್ನ ನಾವು ನಿಮಗೆ ಕಲಿಸಿದ್ದೀವಾ? ಉತ್ತರವನ್ನೂ ಅವರೇ ಕೊಟ್ಟರು. ಇಲ್ಲ, ಕಲಿಸಿಲ್ಲ. ಇನ್ನು ಮುಂದೆ ನಮ್ಮ ಶಿಕ್ಷಣದ ಗುರಿ ಇತರರಿಗಾಗಿ ಬದುಕುವವರನ್ನ ರೂಪಿಸೋದು ಅಂದರು. ಕೇಳಿದ ಎಲ್ಲರಿಗೂ ಈ ಮಾತು ಹಿಡಿಸಲಿಲ್ಲ, ಕೆಲವರಿಗೆ ಸಿಟ್ಟೇ ಬಂತು. ಆದ್ರೂ ಮಾತು ಅಲ್ಲಿಗೇ ನಿಲ್ಲಲಿಲ್ಲ. 1975ರಲ್ಲಿ ಯೇಸುಸಭೆಯ ಮಹಾಸಭೆ, ನಂಬಿಕೆಯ ಸೇವೆ ಅಂದರೆ ನ್ಯಾಯಕ್ಕಾಗಿ ದುಡಿಯೋದೂ ಸೇರಿದೆ ಅಂತ ತೀರ್ಮಾನ ಮಾಡಿತು.

ನಾಲ್ಕು ಶತಮಾನ ಮಕ್ಕಳಿಗೆ ಆತ್ಮಶೋಧನೆ ಕಲಿಸಿದವರು, ತಮ್ಮದೇ ವಿದ್ಯಾರ್ಥಿಗಳ ಮುಂದೆ ನಿಂತು, ನಾವು ಫೇಲ್ ಅಂತ ಒಪ್ಪಿಕೊಂಡರು. ಅವರ ಪಾಠಗಳಲ್ಲಿ ನನಗೆ ದೊಡ್ಡದು ಅನ್ನಿಸೋದು ಇದೇ.

(4/4)
ಮತ್ತೆ ಮಂಗಳೂರಿಗೆ ಬರೋಣ. ಯೇಸುಸಭೆಯ ಪಾದ್ರಿಗಳು ಇಲ್ಲಿ ಬಂದಿಳಿದಿದ್ದು 1878ರ ಡಿಸೆಂಬರ್ 31ಕ್ಕೆ. ಅಲೋಶಿಯಸ್ ಸಂಸ್ಥೆ ಶುರುವಾಗಿದ್ದು 1880ರಲ್ಲಿ. ಇಂಥ ಶಾಲೆಗಳ ಬೆಂಚುಗಳಲ್ಲಿ ಕ್ರೈಸ್ತ, ಹಿಂದೂ, ಮುಸ್ಲಿಂ, ಜೈನ ಮಕ್ಕಳು ಒಟ್ಟಿಗೆ ಕೂತು ಓದ್ತಾರೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರೋ ಶಾಲೆಯಲ್ಲಿ, ಪೋಷಕರ ಒಪ್ಪಿಗೆ ಇಲ್ಲದೆ ಮಕ್ಕಳನ್ನ ಧರ್ಮಬೋಧೆಗಾಗಲಿ ಪ್ರಾರ್ಥನೆಗಾಗಲಿ ಕೂರಿಸುವಂತಿಲ್ಲ ಅಂತ ನಮ್ಮ ಸಂವಿಧಾನದ 28ನೇ ವಿಧಿ ಹೇಳುತ್ತೆ. ಅದಕ್ಕೇ ಹಲವು ಕಡೆ ಕೆಥೊಲಿಕ್ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ಅದೇ ಪೀರಿಯಡ್‌ನಲ್ಲಿ ಮೌಲ್ಯಶಿಕ್ಷಣ.

ಮೌಲ್ಯಶಿಕ್ಷಣದ ಪೀರಿಯಡ್ ಅಂದ್ರೆ ನಮಗೆ ಹೋಂವರ್ಕ್ ಮುಗಿಸೋ ಟೈಮ್, ಇಲ್ಲಾಂದ್ರೆ ಮ್ಯಾಥ್ಸ್ ಸರ್ ಬಂದು ಪೋರ್ಷನ್ ಮುಗಿಸೋ ಟೈಮ್. ಎಸ್ಸೆಸ್ಸೆಲ್ಸಿ ಬಂದ್ರಂತೂ ಕೇಳೋದೇ ಬೇಡ. ಹಾಗೆ ಆದಾಗ ಕಳೆದುಹೋಗೋದು ಏನು ಅಂತ ಈಗ ನೀವೇ ಯೋಚಿಸಿ. ದೇವರನ್ನ ನಂಬುವವರಿಗೆ ಆ ಐದು ಹೆಜ್ಜೆ ಪ್ರಾರ್ಥನೆ. ನಂಬದವರಿಗೂ ಮೂರನೇ ಹೆಜ್ಜೆ ಇದ್ದೇ ಇದೆ: ಇವತ್ತು ಬೆಳಗ್ಗೆಯಿಂದ ನಾನು ಯಾರ ಜೊತೆ ಹೇಗಿದ್ದೆ? ಲಾಸ್ಟ್ ಬೆಂಚಲ್ಲಿ ಒಬ್ಬನೇ ಊಟ ಮಾಡಿದವನು ನನಗೆ ಕಾಣಿಸಿದ್ನಾ?

ಇವತ್ತು ರಾತ್ರಿ ಫೋನ್ ಪಕ್ಕಕ್ಕಿಡೋ ಮುಂಚೆ ಒಂದೈದು ನಿಮಿಷ ಈ ಪರೀಕ್ಷೆ ಬರೆದು ನೋಡಿ. ಉತ್ತರ ಕಾಮೆಂಟ್‌ನಲ್ಲಿ ಹಾಕಬೇಡಿ, ಅದು ನಿಮ್ಮ ಹತ್ತಿರವೇ ಇರಲಿ. ಮುಂದಿನ ಸಲ ಆ ಚಾಪೆಲ್‌ಗೆ ಹೋದಾಗ, ಹೊರಗೆ ಬರೋ ಮುಂಚೆ ಇನ್ನೊಮ್ಮೆ ತಲೆಯೆತ್ತಿ ನೋಡಿ.

#ಶಾಲೆಯಕಥೆ #ಮಂಗಳೂರು #ಇತಿಹಾಸ