ಪಂಪಿಲ್ಲದ ರೆಫ್ರಿಜರೇಟರಿನಲ್ಲಿ ಹೈಡ್ರೋಜನ್: ಪ್ಲಾಟೆನ್–ಮುಂಟರ್ಸ್ ಶೋಧದ ಮರುಪರಿಶೀಲನೆ

ಉಷ್ಣದಿಂದಲೇ ನಡೆಯುವ, ಚಲಿಸುವ ಒಂದು ಭಾಗವೂ ಇಲ್ಲದ, ಎಡೆಬಿಡದೆ ತಂಪನ್ನುಂಟುಮಾಡುವ ರೆಫ್ರಿಜರೇಟರನ್ನು 1922ರಲ್ಲಿ ಸ್ಟಾಕ್‌ಹೋಮಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿದ್ಯಾರ್ಥಿಗಳಾಗಿದ್ದ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ರೂಪಿಸಿದರು ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಆ ಶೋಧದ ಸತ್ವ ಎಲ್ಲಿದೆ ಎಂಬ ಪ್ರಶ್ನೆಗೆ ಮಾತ್ರ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಒಂದೇ ಉತ್ತರವನ್ನು ಕೊಡುತ್ತ ಬಂದಿವೆ: ಹೈಡ್ರೋಜನ್ ಸೇರಿಸಿ ಯಂತ್ರದೊಳಗಿನ ಒತ್ತಡವನ್ನು ಎಲ್ಲೆಡೆ ಸಮಗೊಳಿಸಿದ್ದರಿಂದ ಪಂಪಿನ ಅಗತ್ಯ ತಪ್ಪಿತು. ಈ ಉತ್ತರ ಶೋಧದ ಅರ್ಧಭಾಗವನ್ನಷ್ಟೇ ವಿವರಿಸುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. 1823ರಲ್ಲಿ ಮೈಕೆಲ್ ಫ್ಯಾರಡೆ, ಅಮೋನಿಯಾ ಹೀರಿದ್ದ ಸಿಲ್ವರ್ ಕ್ಲೋರೈಡನ್ನು ಮುಚ್ಚಿದ ಬಾಗುಕೊಳವೆಯ ಒಂದು ತುದಿಯಲ್ಲಿ ಕಾಯಿಸಿ ಇನ್ನೊಂದು ತುದಿಯಲ್ಲಿ ಅಮೋನಿಯಾವನ್ನು ದ್ರವರೂಪಕ್ಕೆ ತಂದನು. 1859ರಲ್ಲಿ ಫ್ರಾನ್ಸಿನ ಫರ್ಡಿನಾಂಡ್ ಕಾರೆ, ನೀರು ಅಮೋನಿಯಾವನ್ನು ಹೀರುವ ಗುಣವನ್ನು ಆಧರಿಸಿದ ಯಂತ್ರಕ್ಕೆ ಪೇಟೆಂಟ್ ಪಡೆದನು. ಕಾಯಿಸುವುದು ಮತ್ತು ತಂಪಾಗಿಸುವುದು ಒಂದಾದಮೇಲೊಂದರಂತೆ ನಡೆಯುವ ಅವನ ಚಿಕ್ಕ ಯಂತ್ರದಲ್ಲಿ ಪಂಪು ಇರಲಿಲ್ಲ. ನಿರಂತರವಾಗಿ ನಡೆಯುವ ದೊಡ್ಡ ಯಂತ್ರದಲ್ಲಾದರೋ ಕಡಿಮೆ ಒತ್ತಡದ ಹೀರುಕೋಶದಿಂದ (ಅಮೋನಿಯಾವನ್ನು ನೀರು ಹೀರಿಕೊಳ್ಳುವ ಭಾಗ) ಹೆಚ್ಚು ಒತ್ತಡದ ಕುದಿಪಾತ್ರೆಗೆ ದ್ರಾವಣವನ್ನು ತಳ್ಳಲು ಪಂಪು ಅನಿವಾರ್ಯವಾಗಿತ್ತು.

ಈ ತೊಡಕಿಗೆ ಪರಿಹಾರವನ್ನು 1899ರಲ್ಲಿಯೇ ಗೆಪ್ಪರ್ಟ್ ಎಂಬಾತ ಸೂಚಿಸಿದ್ದನು. ಶೀತಕದೊಡನೆ ಬೆರೆತಿದ್ದೂ ತಾನು ದ್ರವವಾಗದ ಒಂದು ಸಹಾಯಕ ಅನಿಲವನ್ನು ತುಂಬಿದರೆ ಒಟ್ಟು ಒತ್ತಡ ಎಲ್ಲೆಡೆ ಒಂದೇ ಆಗಿರುತ್ತದೆ. ಡಾಲ್ಟನ್ನನ ನಿಯಮದಂತೆ ಆವಿಕೋಶದಲ್ಲಿ (ಶೀತಕವಾದ ಅಮೋನಿಯಾ ಆವಿಯಾಗಿ ತಂಪನ್ನುಂಟುಮಾಡುವ ಭಾಗ) ಅಮೋನಿಯಾದ ಪಾಲಿನ ಒತ್ತಡ, ಅಂದರೆ ಆಂಶಿಕ ಒತ್ತಡ, ಮಾತ್ರ ಇಳಿದು ಅದು ಕಡಿಮೆ ಉಷ್ಣತೆಯಲ್ಲಿ ಆವಿಯಾಗುತ್ತದೆ. ಗೆಪ್ಪರ್ಟ್ ಆರಿಸಿಕೊಂಡ ಅನಿಲ ಗಾಳಿ. ಅವನ ಪ್ರಯತ್ನ ಫಲಿಸಲಿಲ್ಲ. ಒತ್ತಡದ ಸಮೀಕರಣವೇ ಶೋಧದ ಸತ್ವವಾಗಿದ್ದರೆ ಅದರ ಕೀರ್ತಿ ಗೆಪ್ಪರ್ಟನಿಗೇ ಸಲ್ಲಬೇಕಾಗುತ್ತದೆ, ಅವನ ಸೋಲಿಗೂ ಕಾರಣ ಸಿಗದೆ ಹೋಗುತ್ತದೆ.

ಒತ್ತಡ ಸಮವಾದ ಕ್ಷಣದಲ್ಲಿಯೇ ಹೊಸದೊಂದು ತೊಡಕು ಹುಟ್ಟುತ್ತದೆ ಎಂಬುದನ್ನು ಗಮನಿಸಬೇಕು. ದ್ರಾವಣವನ್ನು ಮೇಲೆತ್ತಲು, ಕಿರುಗೊಳವೆಯಲ್ಲಿ ಕುದಿಯುವಾಗ ಏಳುವ ಗುಳ್ಳೆಗಳೇ ಸಾಕು. ಆದರೆ ಆವಿಕೋಶದಲ್ಲಿ ಹುಟ್ಟಿದ ಅಮೋನಿಯಾ ಆವಿಯನ್ನು ಹೀರುಕೋಶಕ್ಕೆ ಒಯ್ಯಲು ಒತ್ತಡದ ವ್ಯತ್ಯಾಸವೇ ಉಳಿದಿರುವುದಿಲ್ಲ. ನಿಂತ ಅನಿಲದೊಳಗೆ ಆವಿ ತಾನಾಗಿ ಹರಡುವುದು ಬಹಳ ನಿಧಾನ. ಆದ್ದರಿಂದ ಸಹಾಯಕ ಅನಿಲವೇ ಎರಡು ಕೋಶಗಳ ನಡುವೆ ಸುತ್ತಬೇಕು, ಅದೂ ಫ್ಯಾನಿನ ನೆರವಿಲ್ಲದೆ. ಇಲ್ಲಿ ನಿರ್ಣಾಯಕವಾಗುವುದು ಅಣುತೂಕ: ಹೈಡ್ರೋಜನ್ 2, ಅಮೋನಿಯಾ 17, ಗಾಳಿಯ ಸರಾಸರಿ 29. ಹೈಡ್ರೋಜನ್ನಿಗೆ ಅಮೋನಿಯಾ ಬೆರೆತಾಗ ಮಿಶ್ರಣ ಭಾರವಾಗಿ, ಮೇಲಿರುವ ಆವಿಕೋಶದಿಂದ ಕೆಳಗಿನ ಹೀರುಕೋಶಕ್ಕೆ ಇಳಿಯುತ್ತದೆ. ಅಲ್ಲಿ ನೀರು ಅಮೋನಿಯಾವನ್ನು ಕಸಿದುಕೊಂಡೊಡನೆ ಹಗುರವಾದ ಹೈಡ್ರೋಜನ್ ಮೇಲೇರುತ್ತದೆ. ಗಾಳಿಗೆ ಅಮೋನಿಯಾ ಬೆರೆತರೆ ಮಿಶ್ರಣ ಹಗುರವಾಗುತ್ತದೆ, ಅಂದರೆ ಆವಿಯಾಗುವ ಕ್ರಿಯೆಯೇ ಇಳಿಹರಿವಿಗೆ ಎದುರಾಗಿ ನಿಲ್ಲುತ್ತದೆ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಒಟ್ಟು ಒತ್ತಡ 14 ಬಾರ್, ಆವಿಕೋಶದಲ್ಲಿ ಅಮೋನಿಯಾದ ಪಾಲು 1.5 ಬಾರ್ ಎಂದೂ, ಹೀರುಕೋಶದಿಂದ ಮರಳುವ ಅನಿಲದಲ್ಲಿ ಅಮೋನಿಯಾ ಉಳಿದಿಲ್ಲವೆಂದೂ ಸರಳೀಕರಿಸಿಕೊಂಡರೆ, ಮಿಶ್ರಣದ ಸರಾಸರಿ ಅಣುತೂಕ ಹೈಡ್ರೋಜನ್ನಿನಲ್ಲಿ 2ರಿಂದ 3.6ಕ್ಕೆ ಏರುತ್ತದೆ, ಗಾಳಿಯಲ್ಲಿ 29ರಿಂದ 27.7ಕ್ಕೆ ಇಳಿಯುತ್ತದೆ. ಆದರೆ ಉಷ್ಣತೆ 40 ಡಿಗ್ರಿಯಿಂದ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಯಾವುದೇ ಅನಿಲದ ಸಾಂದ್ರತೆ ಸುಮಾರು ಶೇ. 24ರಷ್ಟು ಹೆಚ್ಚುವುದರಿಂದ, ತಂಪಾದ ಗಾಳಿಯೂ ಕೊನೆಗೆ ಕೆಳಗೇ ಇಳಿಯಬೇಕು. ಘನಮೀಟರಿಗೆ ಎಷ್ಟು ತೂಕದ ವ್ಯತ್ಯಾಸ ಎಂದು ಎಣಿಸಿದರೆ ಗಾಳಿಯದೇ ಮೇಲುಗೈ. ಈ ಆಕ್ಷೇಪವನ್ನು ಒಪ್ಪಲೇಬೇಕು. ಒಪ್ಪಿದ ಮೇಲೂ ಮೂರು ಸಂಗತಿಗಳು ಉಳಿಯುತ್ತವೆ. ಯಂತ್ರ ಆಗತಾನೆ ಹೊರಟಾಗ ತಂಪು ಇನ್ನೂ ಹುಟ್ಟಿರುವುದಿಲ್ಲವಾದ್ದರಿಂದ ಹರಿವಿನ ದಿಕ್ಕನ್ನು ಮಿಶ್ರಣದ ಸಂಯೋಜನೆಯೊಂದೇ ತೀರ್ಮಾನಿಸುತ್ತದೆ. ತಂಪನ್ನು ಪೋಲಾಗದಂತೆ ಉಳಿಸಲು ಇಳಿಯುವ ಮತ್ತು ಏರುವ ಅನಿಲಗಳನ್ನು ಒಂದಕ್ಕೊಂದು ತಾಗಿದ ಕೊಳವೆಗಳಲ್ಲಿ ಹಾಯಿಸಿದಾಗ ಅವುಗಳ ಉಷ್ಣತೆಯ ಅಂತರ ಬಹುಮಟ್ಟಿಗೆ ಅಳಿಸಿಹೋಗುತ್ತದೆ, ಸಂಯೋಜನೆಯ ಅಂತರ ಮಾತ್ರ ಕೊಳವೆಯ ಉದ್ದಕ್ಕೂ ಉಳಿಯುತ್ತದೆ. ಅಲ್ಲದೆ ಅಮೋನಿಯಾ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಮೂರು ಪಟ್ಟು ಬೇಗ ಹೈಡ್ರೋಜನ್ನಿನಲ್ಲಿ ಹರಡುತ್ತದೆ. ಹೀಗಾಗಿ ಗಾಳಿಯ ಯಂತ್ರ ಎಂದೂ ಸಾಧ್ಯವಿರಲಿಲ್ಲ ಎನ್ನುವಷ್ಟು ದೂರ ಹೋಗದೆ, ಶೀತಕಕ್ಕಿಂತ ಹಗುರವಾದ ಸಹಾಯಕ ಅನಿಲವಿದ್ದಾಗ ಮಾತ್ರ ಆವಿಯಾಗುವಿಕೆಯೇ ಹರಿವನ್ನು ಆರಂಭಿಸಿ ಕಾಪಾಡುತ್ತದೆ ಎಂದು ಹೇಳುವುದು ಯುಕ್ತ. ಹೀಲಿಯಂಗೂ ಈ ಗುಣವಿದೆ ಎಂಬುದು ಈ ವಿವರಣೆಗೆ ಪೂರಕ.

ಆಲ್ಬರ್ಟ್ ಐನ್‌ಸ್ಟೈನ್ ಮತ್ತು ಲಿಯೋ ಜಿಲಾರ್ಡ್ 1927ರಲ್ಲಿ ಅರ್ಜಿ ಸಲ್ಲಿಸಿ 1930ರ ನವೆಂಬರ್ 11ರಂದು ಪಡೆದ ಅಮೆರಿಕದ ಪೇಟೆಂಟನ್ನು ಈ ಬೆಳಕಿನಲ್ಲಿ ಓದಿದರೆ, ಅದು ಸ್ವೀಡನ್ನಿನ ವಿನ್ಯಾಸದ ಮಾರ್ಪಾಡು ಎಂಬ ಮಾತು ನಿಲ್ಲುವುದಿಲ್ಲ. ಅಲ್ಲಿ ಬ್ಯೂಟೇನ್ ಶೀತಕ, ಅಮೋನಿಯಾ ಸಹಾಯಕ ಅನಿಲ. ಕುದಿಪಾತ್ರೆಯಿಂದ ಬಂದ ಅಮೋನಿಯಾ ಆವಿಕೋಶದ ಬ್ಯೂಟೇನಿನೊಳಗೆ ಹಾಯ್ದು ಅದರ ಆವಿಯನ್ನು ಕೊಂಡೊಯ್ಯುತ್ತದೆ. ಮುಂದಿನ ಪಾತ್ರೆಯಲ್ಲಿ ನೀರು ಅಮೋನಿಯಾವನ್ನು ಹೀರಿದೊಡನೆ ಉಳಿದ ಬ್ಯೂಟೇನ್ ದ್ರವವಾಗಿ ದ್ರಾವಣದ ಮೇಲೆ ತೇಲುತ್ತದೆ. ಅನಿಲವನ್ನು ಚಲಿಸುವಂತೆ ಮಾಡುವ ಹೊಣೆಯನ್ನು ಇಲ್ಲಿ ಸಾಂದ್ರತೆಯ ವ್ಯತ್ಯಾಸದ ಬದಲು ಕುದಿತ ಮತ್ತು ಹೀರಿಕೆಗಳೇ ಹೊತ್ತಿವೆ. ಎಲೆಕ್ಟ್ರೋಲಕ್ಸ್ ಕಂಪನಿ ಐನ್‌ಸ್ಟೈನ್–ಜಿಲಾರ್ಡರ ಹೀರಿಕೆ ವಿನ್ಯಾಸದ ಹಕ್ಕನ್ನೂ ಕೊಂಡಿತ್ತು, ಆದರೆ ತಯಾರಿಸುತ್ತ ಹೋದದ್ದು 1925ರಿಂದ ತನ್ನ ಕೈಯಲ್ಲಿದ್ದ ಪ್ಲಾಟೆನ್–ಮುಂಟರ್ಸ್ ಯಂತ್ರವನ್ನು.

ಪ್ಲಾಟೆನ್ ಮತ್ತು ಮುಂಟರ್ಸ್ ಹೈಡ್ರೋಜನ್ನನ್ನು ಅಣುತೂಕದ ಲೆಕ್ಕದಿಂದ ಆರಿಸಿದರೋ, ಪ್ರಯೋಗದಿಂದ ಪ್ರಯೋಗಕ್ಕೆ ಸಾಗಿ ಕಂಡುಕೊಂಡರೋ ಎಂಬುದನ್ನು ಇಲ್ಲಿನ ಭೌತಿಕ ವಾದವೊಂದೇ ನಿರ್ಣಯಿಸಲಾರದು. ಹರಿವು ಆರಂಭವಾಗುವ ಹಂತದ ಬಗ್ಗೆ ಮೇಲೆ ಹೇಳಿದ್ದನ್ನು ಒಂದರಲ್ಲಿ ಗಾಳಿ, ಇನ್ನೊಂದರಲ್ಲಿ ಹೈಡ್ರೋಜನ್ ತುಂಬಿದ ಒಂದೇ ಅಳತೆಯ ಎರಡು ಯಂತ್ರಗಳಲ್ಲಿ ಪರೀಕ್ಷಿಸಿ ನೋಡುವ ಅವಕಾಶ ತೆರೆದೇ ಇದೆ.