ಎಲ್ ಬೋರ್ಡ್ ತೆಗೆದ ಮಾರನೇ ದಿನ

(ಭಾಗ 1)

2024ರ ಮೇ 19, ಪುಣೆಯ ಕಲ್ಯಾಣಿ ನಗರ. ನಡುರಾತ್ರಿ ದಾಟಿದ ಮೇಲೆ ಒಂದು ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಇಂಜಿನಿಯರ್‌ಗಳು ಸತ್ತರು. ಇಬ್ಬರೂ ಇಪ್ಪತ್ತರ ಆಸುಪಾಸಿನವರು. ಕಾರು ಓಡಿಸ್ತಿದ್ದವನಿಗೆ 17 ವರ್ಷ ಅಂತ ಪೊಲೀಸರು ಹೇಳಿದರು. ಮೊದಲ ಜಾಮೀನು ಆದೇಶದ ಷರತ್ತುಗಳಲ್ಲಿ ಒಂದು, ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ ಬರೀಬೇಕು ಅನ್ನೋದು. ಆಮೇಲೆ ಜನ ರೊಚ್ಚಿಗೆದ್ದಿದ್ದು, ಆದೇಶ ಬದಲಾಗಿದ್ದು, ಮೀಮ್‌ಗಳು ಬಂದಿದ್ದು ಎಲ್ಲ ನಿಮಗೆ ಗೊತ್ತು. ನಾನೂ ಒಂದಷ್ಟು ಶೇರ್ ಮಾಡಿದ್ದೆ.

ಮೀಮ್ ಎಲ್ಲ ಮುಗಿದ ಮೇಲೂ ಒಂದು ಪ್ರಶ್ನೆ ತಲೆಯಲ್ಲಿ ಉಳೀತು. 17 ವರ್ಷ 8 ತಿಂಗಳಿಗೆ ಅಪರಾಧ, 18 ವರ್ಷ ಒಂದು ದಿನಕ್ಕೆ ಹಕ್ಕು. ಈ ಗೆರೆ ಎಳೆದೋರು ಯಾರು? ಗೆರೆ ದಾಟಿದ ಮೇಲೆ ನಮ್ಮ ತಲೆಗೆ ಏನಾದ್ರೂ ಹೊಸದು ಬಂದು ಸೇರುತ್ತಾ? ಹುಡುಕ್ತಾ ಹೋದ್ರೆ ನೂರಿಪ್ಪತ್ತು ವರ್ಷದ ಕಥೆ ಸಿಕ್ತು. ಇದು 300 ಪದದಲ್ಲಿ ಮುಗಿಯಲ್ಲ, ಅದಕ್ಕೇ ಐದು ಪೋಸ್ಟ್.

(ಭಾಗ 2)

ಶುರು ಆಗೋದು ಇಂಗ್ಲೆಂಡಿಂದ. 1903ರ ಮೋಟಾರ್ ಕಾರ್ ಕಾಯ್ದೆ ಅಲ್ಲಿ ಮೊದಲ ಸಲ ಡ್ರೈವಿಂಗ್ ಲೈಸೆನ್ಸ್ ತಂತು. ಕಾರಿಗೆ 17 ವರ್ಷ, ಮೋಟಾರ್ ಸೈಕಲ್‌ಗೆ 14! ಹೌದು, ಎಂಟನೇ ಕ್ಲಾಸಿನ ಹುಡುಗ ಬೈಕ್ ಓಡಿಸಬಹುದಿತ್ತು. ಪರೀಕ್ಷೆ? ಇಲ್ಲ. ಐದು ಶಿಲ್ಲಿಂಗ್ ಕಟ್ಟಿದ್ರೆ ಲೈಸೆನ್ಸ್ ಕೈಗೆ. ಆ ಲೈಸೆನ್ಸ್ ಇದ್ದಿದ್ದು ಡ್ರೈವರ್ ಯಾರು ಅಂತ ಗುರುತು ಹಿಡಿಯೋಕೆ. ಅವನಿಗೆ ಓಡಿಸೋಕೆ ಬರುತ್ತಾ ಅಂತ ಯಾರೂ ಕೇಳ್ತಿರಲಿಲ್ಲ.

1930ರಲ್ಲಿ ಬೈಕಿನ ವಯಸ್ಸು 16ಕ್ಕೆ ಏರಿತು. 1934ರ ಒಂದೇ ವರ್ಷದಲ್ಲಿ ಬ್ರಿಟನ್ ರಸ್ತೆಗಳಲ್ಲಿ 7,000ಕ್ಕೂ ಹೆಚ್ಚು ಜನ ಸತ್ತರು, ಆಗ ಅಲ್ಲಿದ್ದ ವಾಹನಗಳೇ ಇವತ್ತಿನ ಬೆಂಗಳೂರಿಗಿಂತ ಎಷ್ಟೋ ಕಮ್ಮಿ. 1935ರಲ್ಲಿ ಪರೀಕ್ಷೆ ಕಡ್ಡಾಯ ಆಯ್ತು. ಅದರ ಜೊತೆಗೇ ಬಂದಿದ್ದು ಬಿಳಿ ಹಲಗೆ ಮೇಲಿನ ಕೆಂಪು 'ಎಲ್'. ನಮ್ಮ ಡ್ರೈವಿಂಗ್ ಸ್ಕೂಲಿನ ಮಾರುತಿ ಕಾರುಗಳ ಮೇಲೆ ಇವತ್ತಿಗೂ ಇರೋದು ಅದೇ ಎಲ್.

ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆ 18 ವರ್ಷ ಅಂದಿತು. ಅದರ ಜಾಗಕ್ಕೆ ಬಂದ 1988ರ ಕಾಯ್ದೆಯೂ 18 ಅಂತಲೇ ಇಟ್ಟುಕೊಂಡಿತು.

(ಭಾಗ 3)

ಈಗ ಅಮೆರಿಕಕ್ಕೆ ಬನ್ನಿ. ಈ ಕಥೆಯಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಈ ಭಾಗ, ಯಾಕಂದ್ರೆ ಇಲ್ಲಿ ಎಲ್ಲರೂ ಒಳ್ಳೇದನ್ನೇ ಮಾಡೋಕೆ ಹೋಗಿ ಸೋಲ್ತಾರೆ.

1930ರ ದಶಕದಲ್ಲಿ ಅಲ್ಲಿನ ಹೈಸ್ಕೂಲುಗಳಲ್ಲಿ ಡ್ರೈವಿಂಗ್ ಒಂದು ಪಾಠ ಆಯ್ತು. ಪೆನ್ಸಿಲ್ವೇನಿಯಾದ ಆಮೋಸ್ ನೇಹಾರ್ಟ್ ಅನ್ನೋ ಮೇಷ್ಟ್ರು 1934ರ ಹೊತ್ತಿಗೆ ಹೈಸ್ಕೂಲ್ ಮಕ್ಕಳಿಗೆ ಕ್ಲಾಸ್ ಶುರು ಮಾಡಿದರು. ನಂಬಿಕೆ ಸರಳ: ಚೆನ್ನಾಗಿ ಕಲಿಸಿದ್ರೆ ಚೆನ್ನಾಗಿ ಓಡಿಸ್ತಾರೆ, ಚೆನ್ನಾಗಿ ಓಡಿಸಿದ್ರೆ ಸಾಯಲ್ಲ. ಈ ನಂಬಿಕೆ ಸುಮಾರು ನಲವತ್ತು ವರ್ಷ ನಡೀತು.

ಆಮೇಲೆ ಯಾರೋ ಪುಣ್ಯಾತ್ಮರು ಇದನ್ನ ಲೆಕ್ಕ ಹಾಕಿ ನೋಡೋಣ ಅಂದರು. 1970ರ ದಶಕದ ಕೊನೆಯಲ್ಲಿ ಜಾರ್ಜಿಯಾ ರಾಜ್ಯದ ಡಿಕಾಲ್ಬ್ ಕೌಂಟಿಯಲ್ಲಿ ಸುಮಾರು 16,000 ಹೈಸ್ಕೂಲ್ ವಿದ್ಯಾರ್ಥಿಗಳನ್ನ ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಆ ಕಾಲದ ಅತ್ಯುತ್ತಮ ತರಬೇತಿ: ಕ್ಲಾಸು, ಸಿಮ್ಯುಲೇಟರು, ರಸ್ತೆ ಅಭ್ಯಾಸ ಎಲ್ಲ. ಇನ್ನೊಂದಕ್ಕೆ ಲೈಸೆನ್ಸ್ ಪರೀಕ್ಷೆ ಪಾಸಾಗೋಕೆ ಎಷ್ಟು ಬೇಕೋ ಅಷ್ಟು. ಮೂರನೇ ಗುಂಪಿಗೆ ಸ್ಕೂಲಲ್ಲಿ ಏನೂ ಇಲ್ಲ, ಅಪ್ಪನೋ ಅಮ್ಮನೋ ಕಲಿಸಿದ್ರೆ ಉಂಟು.

ಫಲಿತಾಂಶ? ಮೊದಲ ಆರು ತಿಂಗಳು ಅತ್ಯುತ್ತಮ ತರಬೇತಿಯವರಿಗೆ ಸ್ವಲ್ಪ ಲಾಭ ಕಾಣಿಸಿತು. ಆಮೇಲೆ ಅದು ಕರಗಿಹೋಯ್ತು. ಅದೂ ಅಲ್ಲದೆ ಸ್ಕೂಲಲ್ಲಿ ಕಲಿತವರು ಬೇಗ ಲೈಸೆನ್ಸ್ ತಗೊಂಡು ಬೇಗ ರಸ್ತೆಗಿಳಿದರು. ಹೆಚ್ಚು ಓಡಿಸಿದವರು ಹೆಚ್ಚು ಗುದ್ದಿದರು, ಅಷ್ಟೇ.

ಇದರರ್ಥ ಡ್ರೈವಿಂಗ್ ಸ್ಕೂಲ್ ದಂಡ ಅಂತಲ್ಲ. ಕ್ಲಚ್ಚು, ಗೇರು, ಎಂಟು ಹಾಕೋದು ಎಲ್ಲ ಕಲಿಯಲೇಬೇಕು. ಆದ್ರೆ ಹದಿಹರೆಯದವರು ಸಾಯ್ತಾ ಇದ್ದಿದ್ದು ಗೇರ್ ಹಾಕೋಕೆ ಬರದೆ ಅಲ್ಲ.

(ಭಾಗ 4)

ಹಾಗಾದ್ರೆ ಯಾಕೆ? ಉತ್ತರದ ಹತ್ತಿರ ಬಂದವರಲ್ಲಿ ಮುಖ್ಯವಾದವರು ಪೆಟ್ರೀಷಿಯಾ ವಾಲರ್. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಹೆದ್ದಾರಿ ಸುರಕ್ಷತಾ ಕೇಂದ್ರದಲ್ಲಿದ್ದ ಮನಶ್ಶಾಸ್ತ್ರಜ್ಞೆ. 1970ರ ದಶಕದಲ್ಲೇ ಅವರು ಹೇಳಿದ್ದು ನಮ್ಮ ಮನೆಯ ಹಿರಿಯರಿಗೆಲ್ಲ ಗೊತ್ತಿರೋ ಮಾತು. ಈಜು ಕಲಿಯೋನನ್ನ ಮೊದಲ ದಿನವೇ ಮಳೆಗಾಲದ ಹೊಳೆಗೆ ಬಿಡ್ತೀವಾ? ಮೊದಲು ಮೊಣಕಾಲುದ್ದದ ನೀರು, ಆಮೇಲೆ ಸೊಂಟದುದ್ದ, ಆಮೇಲೆ ಆಳ. (ಹೊಳೆ ನನ್ನದು, ವಿಚಾರ ಅವರದು.) ಲೈಸೆನ್ಸನ್ನೂ ಹೀಗೇ ಹಂತ ಹಂತವಾಗಿ ಕೊಡಿ ಅಂದರು.

ತವರಲ್ಲಿ ಯಾರೂ ಕೇಳಲಿಲ್ಲ. ಪೂರ್ತಿಯಾಗಿ ಮೊದಲು ಮಾಡಿ ತೋರಿಸಿದ್ದು ದೂರದ ನ್ಯೂಜಿಲೆಂಡ್, 1987ರ ಆಗಸ್ಟಲ್ಲಿ. ಅಲ್ಲಿ 15ಕ್ಕೇ ಲೈಸೆನ್ಸ್ ಸಿಗ್ತಿತ್ತು. ವಯಸ್ಸನ್ನ ಹಾಗೇ ಬಿಟ್ಟು ಮೂರು ಮೆಟ್ಟಿಲು ಮಾಡಿದರು. ಮೊದಲು ಕಲಿಯೋ ಲೈಸೆನ್ಸ್, ಪಕ್ಕದಲ್ಲಿ ಅನುಭವಸ್ಥರು ಇರಲೇಬೇಕು. ಆಮೇಲೆ ನಿರ್ಬಂಧದ ಲೈಸೆನ್ಸ್. ಇದೇ ಹೊಸದು: ಒಬ್ಬರೇ ಓಡಿಸಬಹುದು, ಆದ್ರೆ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಇಲ್ಲ, ಫ್ರೆಂಡ್ಸನ್ನ ಕೂರಿಸಿಕೊಳ್ಳೋ ಹಾಗೂ ಇಲ್ಲ. ಇವೆಲ್ಲ ದಾಟಿದ ಮೇಲೆ ಪೂರ್ತಿ ಲೈಸೆನ್ಸ್.

15ರಿಂದ 19ರ ವಯಸ್ಸಿನವರಿಗೆ ಆಗ್ತಿದ್ದ ಗಾಯಗಳು ಇಳಿದವು. ಅದರಲ್ಲಿ ಒಂದು ಪಾಲು ಅವರು ಕಮ್ಮಿ ಓಡಿಸಿದ್ದಕ್ಕೇ ಅಂತ ಸಂಶೋಧಕರು ಬಿಚ್ಚಿ ಹೇಳಿದರು. ಅದೂ ಲಾಭವೇ ತಾನೆ? 1990ರ ದಶಕದಲ್ಲಿ ಕೆನಡಾದ ಒಂಟಾರಿಯೊ, 1996ರಲ್ಲಿ ಫ್ಲೋರಿಡಾ, ಆಮೇಲೆ ಒಂದೊಂದಾಗಿ ಅಮೆರಿಕದ ಉಳಿದ ರಾಜ್ಯಗಳೂ ಈ ದಾರಿ ಹಿಡಿದವು. ನ್ಯೂಜಿಲೆಂಡ್ ಕೂಡ 2011ರಲ್ಲಿ 15ನ್ನ 16ಕ್ಕೆ ಏರಿಸಿತು.

ಫ್ರೆಂಡ್ಸನ್ನ ಯಾಕೆ ಬೇಡ ಅಂದರು? 2000ನೇ ಇಸವಿಯಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 16 ವರ್ಷದ ಡ್ರೈವರ್ ಒಬ್ಬನೇ ಇದ್ದಾಗಿನ ಸಾವಿನ ಅಪಾಯ 1 ಅಂತಿಟ್ಟುಕೊಳ್ಳಿ. ಒಬ್ಬ ಪ್ಯಾಸೆಂಜರ್ ಹತ್ತಿದ್ರೆ ಸುಮಾರು 1.4. ಮೂರು ಅಥವಾ ಹೆಚ್ಚು ಜನ ಹತ್ತಿದ್ರೆ ಹತ್ತಿರ ಹತ್ತಿರ 3. ಕಾರು ಅದೇ, ರಸ್ತೆ ಅದೇ, ಡ್ರೈವರೂ ಅದೇ. ಹೆಚ್ಚಾಗಿದ್ದು ಹಿಂದಿಂದ "ಮಗಾ, ಅವನನ್ನ ಓವರ್‌ಟೇಕ್ ಮಾಡೋ" ಅನ್ನೋ ದನಿ. ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿದ್ರೆ ಅಪಾಯ ಇಳಿಯುತ್ತೆ ಅಂತ ಆಮೇಲಿನ ಅಧ್ಯಯನಗಳು ಹೇಳಿದವು. ಅಮ್ಮನ "ನಿಧಾನ, ನಿಧಾನ" ಕಿರಿಕಿರಿ ಹೌದು, ಆದ್ರೆ ಲೆಕ್ಕ ಅಮ್ಮನ ಕಡೆ ಇದೆ.

ಅಮೆರಿಕದಲ್ಲಿ 1975ರಲ್ಲಿ ವಾಹನ ಅಪಘಾತಗಳಲ್ಲಿ ಸತ್ತ ಹದಿಹರೆಯದವರು 8,700ಕ್ಕೂ ಹೆಚ್ಚು. ಈಚಿನ ವರ್ಷಗಳಲ್ಲಿ ಅದು 3,000ದ ಆಸುಪಾಸು. ಇದರಲ್ಲಿ ಸೀಟ್ ಬೆಲ್ಟು, ಏರ್‌ಬ್ಯಾಗು, 1984ರ ಕಾನೂನಿಂದ 21ಕ್ಕೆ ಏರಿದ ಕುಡಿತದ ವಯಸ್ಸು ಎಲ್ಲದರ ಪಾಲೂ ಇದೆ. ಮೆಟ್ಟಿಲು ಲೈಸೆನ್ಸಿಗೇ ಪೂರ್ತಿ ಕ್ರೆಡಿಟ್ ಕೊಡೋಕಾಗಲ್ಲ.

(ಭಾಗ 5)

ಈಗ ನಮ್ಮೂರು. ನಮ್ಮಲ್ಲಿ ಎಲ್‌ಎಲ್ ಆಗಿ 30 ದಿನ ಕಳೆದ್ರೆ ಡಿಎಲ್ ಪರೀಕ್ಷೆಗೆ ಹೋಗಬಹುದು. ಪಾಸಾದ ಸಂಜೆಯೇ ಮಧ್ಯರಾತ್ರಿ ನಂದಿ ಬೆಟ್ಟಕ್ಕೆ ನಾಲ್ಕು ಜನ ಫ್ರೆಂಡ್ಸ್ ಜೊತೆ ಕಾರಲ್ಲಿ ಹೋದ್ರೂ ಕಾನೂನು ಏನೂ ಅನ್ನಲ್ಲ. ಮೊಣಕಾಲುದ್ದದ ನೀರಿಂದ ನೇರ ಹೊಳೆಗೆ. ನಡುವಿನ ಮೆಟ್ಟಿಲು ನಮ್ಮ ಕಾಯ್ದೆಯಲ್ಲಿ ಇಲ್ಲವೇ ಇಲ್ಲ.

ಇದ್ದ ಒಂದು ಚಿಕ್ಕ ಮೆಟ್ಟಿಲು ಅಂದ್ರೆ 50 ಸಿಸಿ. 16 ತುಂಬಿದವರು 50 ಸಿಸಿ ಮೀರದ ದ್ವಿಚಕ್ರ ಓಡಿಸಬಹುದು ಅಂತ 1988ರ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತೆ. ಆ ಕಾಲಕ್ಕೆ ಅದು ಸರಿಯಾಗೇ ಇತ್ತು. 1972ರಲ್ಲಿ ಬಂದ ಲೂನಾ, 1980ರ ಟಿವಿಎಸ್ 50, ಆಮೇಲೆ ಬಜಾಜ್ ಸನ್ನಿ, ನಮ್ಮ ಅಪ್ಪ ಅಮ್ಮಂದಿರ ಕಾಲೇಜು ಫೋಟೋಗಳಲ್ಲಿ ಇರೋವು ಇವೇ. ಇಳಿಜಾರಲ್ಲಿ ಬಿಟ್ರೂ ಎದೆ ನಡುಗಿಸೋ ವೇಗ ಬರ್ತಿರಲಿಲ್ಲ. 2001ರಲ್ಲಿ ಬಂದ ಆಕ್ಟಿವಾ ಮೊದಲ ದಿನವೇ 100 ಸಿಸಿ ದಾಟಿತ್ತು. ಗಾಡಿಗಳು ಬೆಳೆದವು, ಕಾನೂನು ಅಲ್ಲೇ ನಿಂತಿತು. ಇವತ್ತು ಯಾವುದೇ ಪಿಯು ಕಾಲೇಜಿನ ಎದುರಿನ ಗಲ್ಲಿಗೆ ಹೋಗಿ 50 ಸಿಸಿ ಗಾಡಿ ಹುಡುಕಿ ನೋಡೋಣ. (ಕಾಲೇಜಿನ ಒಳಗೆ ಪಾರ್ಕಿಂಗ್ ಬಿಡಲ್ಲ, ಅದಕ್ಕೇ ಗಲ್ಲಿ. ಎಲ್ಲರಿಗೂ ಗೊತ್ತಿರೋ ಗುಟ್ಟು.)

ಶಿಕ್ಷೆ ಮಾತ್ರ ಬೆಳೆದಿದೆ. ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟ ಮಾಲೀಕರಿಗೆ ಮುಂಚೆ ₹1,000ದವರೆಗೆ ದಂಡ ಇಲ್ಲವೇ ಮೂರು ತಿಂಗಳವರೆಗೆ ಜೈಲು. 2019ರ ತಿದ್ದುಪಡಿ 199ಎ ಅನ್ನೋ ಸೆಕ್ಷನ್ ಸೇರಿಸಿತು. ಅಪ್ರಾಪ್ತರು ಓಡಿಸಿ ಅಪರಾಧ ಆದ್ರೆ ಪೋಷಕರು ಅಥವಾ ಮಾಲೀಕರೇ ಅಪರಾಧಿ: ಮೂರು ವರ್ಷದವರೆಗೆ ಜೈಲು, ₹25,000 ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು. ಓಡಿಸಿದವರಿಗೆ 25 ವರ್ಷ ತುಂಬೋವರೆಗೆ ಲೈಸೆನ್ಸ್ ಇಲ್ಲ. ನನಗೆ ತಿಳಿದು, ತಿಳಿಯದೆ ಅನ್ನೋದನ್ನ ಸಾಬೀತು ಮಾಡೋ ಭಾರವೂ ಪೋಷಕರ ಮೇಲೇ.

ಕಾಮರ್ಸ್ ಮಂದಿಗೆ ಇನ್ನೊಂದು. ಇನ್ಶೂರೆನ್ಸ್ ಇದೆಯಲ್ಲ ಅಂತ ಎಲ್ಲರೂ ಧೈರ್ಯವಾಗಿರ್ತಾರೆ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಹೀಗಿದೆ: ಡ್ರೈವರಿಗೆ ಲೈಸೆನ್ಸ್ ಇಲ್ಲದಿದ್ರೂ ಗುದ್ದಿಸಿಕೊಂಡವರಿಗೆ ಕಂಪನಿ ಹಣ ಕೊಡಬೇಕಾಗಬಹುದು. ಆದ್ರೆ ಮಾಲೀಕರು ಗೊತ್ತಿದ್ದೂ ಗಾಡಿ ಕೊಟ್ಟಿದ್ರೆ ಆ ಹಣವನ್ನ ಕಂಪನಿ ಅವರಿಂದಲೇ ವಾಪಸ್ ವಸೂಲಿ ಮಾಡಬಹುದು. ಸತ್ತವರು ದುಡಿಯೋ ವಯಸ್ಸಿನವರಾಗಿದ್ರೆ ಪರಿಹಾರ ಲಕ್ಷಗಳಲ್ಲಿ ನಿಲ್ಲೋದೇ ಕಷ್ಟ. ಅಂದ್ರೆ ಅಪ್ಪನ ಹೆಸರಲ್ಲಿರೋ ಸ್ಕೂಟರಿನ ಕೀ ತಗೊಂಡು ಟ್ಯೂಷನ್‌ಗೆ ಹೋದಾಗ, ಲೆಡ್ಜರಿನ ಆ ಕಡೆ ಪುಟದಲ್ಲಿ ಅಪ್ಪನ ಮನೆ, ಸೈಟು, ಸಂಬಳ ಎಲ್ಲ ಕೂತಿರುತ್ತೆ.

ನಿಮ್ಮ ಮನೆಯಲ್ಲಿ ಲೂನಾ ಅಥವಾ ಸನ್ನಿಯ ಹಳೇ ಫೋಟೋ ಇದ್ರೆ ಡಿಎಂ ಮಾಡಿ, ಯಾರ ಗಾಡಿ, ಯಾವ ವರ್ಷ ಅಂತ ಬರೆದು. ಸ್ಟೋರಿಯಲ್ಲಿ ಹಾಕ್ತೀನಿ.